ಸಿನಿಮಾ ಅಧ್ಯಯನ ಎಲ್ಲಿಂದ ಶುರು ಮಾಡಲಿ?

"ಸಿನಿಮಾವನ್ನು ಗಂಭೀರವಾಗಿ ಓದಬೇಕು ಅಂತ ಆಸೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಕಲಿಯುವಷ್ಟು ದುಡ್ಡಿಲ್ಲ, ಕೆಲಸ ಬಿಡೋಕೂ ಆಗಲ್ಲ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವುದರಿಂದ ಕಲಿಯಬಹುದಾ?" ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಖಂಡಿತ ಕಲಿಯಬಹುದು. ಕೇಳಿದವರು ಯಾವುದಾದರೂ ಕೋರ್ಸಿನ ಹೆಸರು ಹೇಳಿ ಅನ್ನುತ್ತಾರೆ. ನಾನು ಮೊದಲು ಮೂಕಿ ಚಿತ್ರಗಳನ್ನು ನೋಡಿ ಅನ್ನುತ್ತೇನೆ.

ಹಳೆಯ ಮೂಕಿ ಚಿತ್ರಗಳಲ್ಲಿ ಎಷ್ಟೋ ಈಗ ಹಕ್ಕುಸ್ವಾಮ್ಯದಿಂದ ಹೊರಬಂದಿವೆ. ಇಂಟರ್‌ನೆಟ್ ಆರ್ಕೈವ್‌ನಲ್ಲೋ ಯೂಟ್ಯೂಬ್‌ನಲ್ಲೋ ಹುಡುಕಿದರೆ ಸಿಗುತ್ತವೆ. ನಡುನಡುವೆ ಬರುವ ಬರಹ ಬಿಟ್ಟರೆ ಅಲ್ಲಿ ಮಾತಿಲ್ಲ. ಸಬ್‌ಟೈಟಲ್ ಹಿಂದೆ ಓಡುವ ಕೆಲಸ ತಪ್ಪುತ್ತದೆ, ಕಣ್ಣು ಚಿತ್ರದ ಮೇಲೇ ಇರುತ್ತದೆ.

ಸಿನಿಮಾ ಹುಟ್ಟಿದ ಕಾಲದ ಲೂಮಿಯೇರ್ ಸಹೋದರರಿಂದ ಶುರು ಮಾಡಿ. ಫ್ರಾನ್ಸಿನ ಲಿಯಾನ್‌ನಲ್ಲಿದ್ದ ತಮ್ಮದೇ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು ಅವರು 1895ರಲ್ಲಿ ಚಿತ್ರಿಸಿದರು. ಒಂದು ನಿಮಿಷವೂ ಇಲ್ಲದ ಚಿತ್ರ. ಇದರ ಮೂರು ಆವೃತ್ತಿಗಳಿವೆ: ಒಂದರಲ್ಲಿ ಒಂಟಿ ಕುದುರೆಯ ಗಾಡಿ, ಇನ್ನೊಂದರಲ್ಲಿ ಜೋಡಿ ಕುದುರೆ, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಮೂರನ್ನೂ ಒಂದರ ಹಿಂದೊಂದು ನೋಡಿ. ಬಾಗಿಲು ಯಾವಾಗ ತೆರೆಯುತ್ತದೆ? ಯಾರಾದರೂ ಕ್ಯಾಮೆರಾ ಕಡೆ ನೋಡುತ್ತಾರಾ? ರೀಲು ಮುಗಿಯುವ ಹೊತ್ತಿಗೆ ಏನಾಗುತ್ತಿದೆ? ಸುಮ್ನೆ ಕ್ಯಾಮೆರಾ ಇಟ್ಟು ತೆಗೆದದ್ದು ಅನ್ನಿಸಿದ ಚಿತ್ರದಲ್ಲೂ ಯಾರೋ ಯೋಚಿಸಿ ತೀರ್ಮಾನ ಮಾಡಿರುವುದು ಕಾಣತೊಡಗುತ್ತದೆ. ಈ ಸಹೋದರರ ಚಿತ್ರಗಳೇ 1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನವಾದವು.

ಆಮೇಲೆ ಅಮೆರಿಕದ ಹಾಸ್ಯನಟ, ನಿರ್ದೇಶಕ ಬಸ್ಟರ್ ಕೀಟನ್‌ನ 'ದಿ ಜನರಲ್' (1926). ಅದರಲ್ಲಿ ಒಂದು ಶಾಟ್ (ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದ ತುಣುಕು) ಇದೆ. ಪ್ರೇಯಸಿ ಮುಖ ತಿರುಗಿಸಿದ್ದಾಳೆ. ನಾಯಕ ಬೇಸರದಲ್ಲಿ ಬಂದು ರೈಲು ಎಂಜಿನ್ನಿನ ಗಾಲಿಗಳನ್ನು ಜೋಡಿಸುವ ಉದ್ದ ಸರಳಿನ ಮೇಲೆ ಕೂರುತ್ತಾನೆ. ಎಂಜಿನ್ ಹೊರಡುತ್ತದೆ. ಸರಳಿನ ಜೊತೆ ಅವನೂ ಮೇಲೆ ಕೆಳಗೆ ಹೋಗುತ್ತಾನೆ, ಅವನಿಗೆ ಅದು ಗೊತ್ತೇ ಇಲ್ಲ. ಈಗ ಯೋಚಿಸಿ: ಇಲ್ಲಿ ಅವನ ಮುಖದ ಕ್ಲೋಸಪ್ ಯಾಕಿಲ್ಲ? ಹತ್ತಿರ ಹೋಗಿದ್ದರೆ ಗಾಲಿ ಕಾಣುತ್ತಿರಲಿಲ್ಲ. ಕತ್ತರಿಸಿದ್ದರೆ ಎಂಜಿನ್ ನಿಜವಾಗಿ ಅವನನ್ನು ಹೊತ್ತೊಯ್ದಿದೆ ಅನ್ನುವ ನಂಬಿಕೆ ಹೋಗುತ್ತಿತ್ತು. ನಗು, ದುಃಖ, ಅಪಾಯ ಮೂರೂ ಒಂದೇ ಚೌಕಟ್ಟಿನಲ್ಲಿವೆ. ನೋಟ್‌ಬುಕ್ ತೆಗೆದು ಈ ಒಂದು ಶಾಟ್ ಬಗ್ಗೆ ಒಂದು ಪುಟ ಬರೆಯಿರಿ. ನನ್ನ ಲೆಕ್ಕದಲ್ಲಿ ಸಿನಿಮಾ ಅಧ್ಯಯನ ಶುರುವಾಗುವುದೇ ಆ ಪುಟದಿಂದ.

ಬರೆದ ಮೇಲೆ ಬೇರೆಯವರ ಮಾತು ಕೇಳಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪಾಠಗಳ ತಾಣ ಓಪನ್‌ಕೋರ್ಸ್‌ವೇರ್‌ನಲ್ಲಿ ಡೇವಿಡ್ ಥಾರ್ಬರ್ನ್ ಅವರ 'ದಿ ಫಿಲ್ಮ್ ಎಕ್ಸ್‌ಪೀರಿಯೆನ್ಸ್' ಉಪನ್ಯಾಸಗಳು ಪೂರ್ತಿ ಉಚಿತ. ಕೀಟನ್ ಬಗ್ಗೆಯೂ ಅಲ್ಲಿ ಪಾಠವಿದೆ. ಶಾಟ್, ಕಟ್, ಫ್ರೇಮಿಂಗ್ ಇಂಥ ಪದಗಳಿಗೆ ಯೇಲ್ ವಿಶ್ವವಿದ್ಯಾಲಯದ ಫಿಲ್ಮ್ ಅನಾಲಿಸಿಸ್ ಗೈಡ್ ಸಾಕು. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸಿನ ಪರಿಚಯ ಕೋರ್ಸೂ ಇದೆ. ಇನ್ನೂ ಆಳಕ್ಕೆ ಇಳಿಯುವವರು ಸಿನಿಮಾ ವಿದ್ವಾಂಸರಾದ ಡೇವಿಡ್ ಬೋರ್ಡ್‌ವೆಲ್ ಮತ್ತು ಕ್ರಿಸ್ಟಿನ್ ಥಾಂಪ್ಸನ್ ಅವರ ಬ್ಲಾಗ್ ಓದಲೇಬೇಕು. ಬೋರ್ಡ್‌ವೆಲ್ 2024ರಲ್ಲಿ ತೀರಿಕೊಂಡರು. ಅಷ್ಟು ಸ್ಪಷ್ಟವಾಗಿ ಸಿನಿಮಾ ಬಗ್ಗೆ ಬರೆದವರು ಕಡಿಮೆ. ಇವೆಲ್ಲ ಇಂಗ್ಲಿಷಿನಲ್ಲಿವೆ, ನಿಧಾನವಾಗಿ ಓದಿ, ಪರವಾಗಿಲ್ಲ.

ಸಿನಿಮಾವನ್ನು ಬಿಡಿಸಿ ವಿವರಿಸುವ ವಿಡಿಯೋ ಪ್ರಬಂಧಗಳ ಬಗ್ಗೆ ಒಂದು ಎಚ್ಚರಿಕೆ. 'ಎವ್ರಿ ಫ್ರೇಮ್ ಎ ಪೇಂಟಿಂಗ್' ಚಾನೆಲ್ ನನಗೆ ತುಂಬಾ ಇಷ್ಟ. ಕೀಟನ್ ಬಗ್ಗೆ ಅವರು ಮಾಡಿದ ವಿಡಿಯೋ ಅದ್ಭುತ. ಆದರೆ ಸಿನಿಮಾಕ್ಕಿಂತ ಮೊದಲು ಅದನ್ನು ನೋಡಿದರೆ, ಅವರು ತೋರಿಸಿದ್ದಷ್ಟೇ ನಿಮಗೂ ಕಾಣುತ್ತದೆ, ಅಲ್ವಾ?

ಇನ್ನು ನಮ್ಮ ಸಿನಿಮಾ. ಭಾರತದಲ್ಲಿ ಚಿತ್ರವೊಂದರ ಹಕ್ಕುಸ್ವಾಮ್ಯ ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತದೆ. ಹಾಗಾಗಿ 1950ರ ದಶಕದ ಕನ್ನಡ ಚಿತ್ರಗಳು ಈಗ ಎಲ್ಲರ ಸ್ವತ್ತು. ಇಂಡಿಯನ್‌ಸಿನೆ.ಮಾ ಎಂಬ ತಾಣದಲ್ಲಿ (ಚುಕ್ಕಿ ಮರೆಯಬೇಡಿ) ಭಾರತೀಯ ಚಿತ್ರಗಳ ದೊಡ್ಡ ಪಟ್ಟಿಯಿದೆ. ಕೆಲವು ಚಿತ್ರಗಳ ಜೊತೆಗೆ ದೃಶ್ಯವಾರು ಟಿಪ್ಪಣಿಗಳೂ ಇವೆ. ಕನ್ನಡದ ಮೊದಲ ಟಾಕಿ (ಮಾತಿನ ಚಿತ್ರ) 'ಸತಿ ಸುಲೋಚನ'ದ (1934) ಪ್ರಿಂಟ್ ಉಳಿದಿಲ್ಲ, ಆ ನೋವು ಇದ್ದೇ ಇದೆ. 'ಬೇಡರ ಕಣ್ಣಪ್ಪ' (1954) ಉಳಿದಿದೆ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ಗುಬ್ಬಿ ನಾಟಕ ಕಂಪನಿ ರಂಗದ ಮೇಲೆ ಆಡುತ್ತಿದ್ದ ಕಥೆ. ಇದಕ್ಕೂ ಒಂದು ಪುಟ ಬರೆಯಿರಿ: ಕ್ಯಾಮೆರಾ ಎಲ್ಲೆಲ್ಲಿ ಮುಂದಿನ ಸಾಲಿನ ಪ್ರೇಕ್ಷಕನ ಹಾಗೆ ದೂರದಲ್ಲೇ ನಿಂತಿದೆ, ಎಲ್ಲಿ ಎದ್ದು ಕಣ್ಣಪ್ಪನ ಹತ್ತಿರಕ್ಕೇ ಹೋಗಿದೆ?