ಹಸಿವಿಲ್ಲ ಅನ್ನಿಸಿಕೊಂಡಿದ್ದ ಕಪ್ಪೆ

ನಮ್ಮ ಬೀದಿಯ ಒಂದು ಮನೆಯವರು ಬೇರೆ ರಾಜ್ಯಕ್ಕೆ ಹೊರಟಿದ್ದರು. ಸಾಮಾನೆಲ್ಲ ಟ್ರಕ್ಕಿಗೆ ಏರಿದ ಮೇಲೆ ಗ್ಯಾರೇಜಿನಲ್ಲಿ ಒಂದು ಗಾಜಿನ ಟ್ಯಾಂಕ್ ಉಳಿದಿತ್ತು, ಅದರೊಳಗೆ ಒಂದು ಕಪ್ಪೆ. ಮಗ ಚಿಕ್ಕವನಿದ್ದಾಗ ಹಟ ಹಿಡಿದು ತರಿಸಿಕೊಂಡಿದ್ದಂತೆ, ಈಗ ಅವನು ಕಾಲೇಜಿಗೆ ಹೋಗಿದ್ದಾನೆ. "ಯಾರಾದ್ರೂ ತಗೊಂಡ್ರೆ ಸರಿ, ಇಲ್ಲಾಂದ್ರೆ ಹೊರಗೆ ಬಿಡ್ತೀವಿ" ಅಂದರು. ನಾವಿರೋದು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿ. ಜನವರಿ ತಿಂಗಳು, ರಾತ್ರಿ ಹೊರಗಿಟ್ಟ ನೀರು ಹೆಪ್ಪುಗಟ್ಟುವಷ್ಟು ಚಳಿ. ಕಪ್ಪೆಯೋ ಆಸ್ಟ್ರೇಲಿಯಾ, ನ್ಯೂ ಗಿನಿ ಕಡೆಯ ಮರಗಪ್ಪೆ, ಇಲ್ಲಿನ ಪೆಟ್ ಅಂಗಡಿಗಳಲ್ಲಿ ವೈಟ್ಸ್ ಟ್ರೀ ಫ್ರಾಗ್ ಅಂತ ಮಾರುತ್ತಾರಲ್ಲ, ಅದು. ಹೊರಗೆ ಬಿಡೋದು ಅಂದರೆ ಸಾಯಿಸೋದು ಅಷ್ಟೇ. ನಾನೂ ನನ್ನ ಗಂಡನೂ ಟ್ಯಾಂಕಿನ ಮೇಲೆ ಕಂಬಳಿ ಹೊದಿಸಿ, ಆ ಕಡೆ ಈ ಕಡೆ ಹಿಡಿದುಕೊಂಡು ಮನೆಗೆ ತಂದೆವು.

ಹೊರಡುವಾಗ ಅವರು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. "ಇದಕ್ಕೆ ಹಸಿವೇ ಆಗಲ್ಲ, ನೋಡ್ಕೊಳ್ಳೋದು ತುಂಬಾ ಸುಲಭ."

ಬೆಳಕಿಗೆ ತಂದು ನೋಡಿದಾಗ ಹೊಟ್ಟೆ ಉರಿಯಿತು. ಹಸಿರಾಗಿರಬೇಕಾದ ಮೈ ಒಣಗಿದ ಬಾಳೆಲೆಯ ಬಣ್ಣಕ್ಕೆ ತಿರುಗಿತ್ತು. ಸೊಂಟದ ಎರಡು ಮೂಳೆ ಎದ್ದು ಕಾಣುತ್ತಿದ್ದವು. ಕಳಚಬೇಕಾದ ಹಳೇ ಚರ್ಮ ಬೆರಳುಗಳಿಗೆ ಅಂಟಿಕೊಂಡು ಗಟ್ಟಿಯಾಗಿತ್ತು. ನೀರಿನ ಬಟ್ಟಲಲ್ಲಿ ನೀರಿಲ್ಲ, ಬರೀ ಬಿಳಿ ಕಲೆ. ಬಿಸಿ ಕೊಡುವ ದೀಪ ಉರಿಯುತ್ತಿರಲಿಲ್ಲ. ಇಷ್ಟಾದರೂ ಅದು ಸದ್ದಿಲ್ಲದೆ ಕೂತಿತ್ತು. ನಾಯಿ ಆಗಿದ್ದರೆ ಕುಂಯ್‌ಗುಡುತ್ತಿತ್ತು, ಬೆಕ್ಕು ಕಾಲು ಸುತ್ತುತ್ತಿತ್ತು. ಕಪ್ಪೆ ಸುಮ್ನೆ ಕೂತೇ ಸಾಯುತ್ತದೆ, ಮನೆಯವರು ಅದನ್ನು ಸಾಧು ಪ್ರಾಣಿ ಅಂದುಕೊಂಡಿರುತ್ತಾರೆ.

ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಮ್ಮ ಇರೋದು ತೀರ್ಥಹಳ್ಳಿ ಹತ್ತಿರ, ಮಳೆಗಾಲದಲ್ಲಿ ಬಚ್ಚಲಿನ ಗೋಡೆ ಮೇಲೆಲ್ಲ ಕಪ್ಪೆಗಳೇ. ನಾನು "ಏನು ತಿನ್ನಿಸಲಿ" ಅಂತ ಕೇಳುತ್ತಿದ್ದರೆ ಅಮ್ಮ "ಮೊದ್ಲು ನೀರು ಕಾಣಿಸೇ ಅದಕ್ಕೆ, ತಿನ್ನೋದೆಲ್ಲ ಆಮೇಲೆ" ಅಂದರು. ಆಮೇಲೆ ಫೋನಿನಲ್ಲಿ ಸಿಕ್ಕ ವೆಟ್, ಅಂದರೆ ಪ್ರಾಣಿ ಡಾಕ್ಟರ್, ಕೂಡ ಅದನ್ನೇ ಹೇಳಿದರು. ಮೊದಲು ನೀರು, ಆಮೇಲೆ ಬಿಸಿ, ಕೊನೆಗೆ ಊಟ. ಕಪ್ಪೆ ಬಾಯಿಂದ ನೀರು ಕುಡಿಯಲ್ಲ, ಹೊಟ್ಟೆಯ ಕೆಳಭಾಗದ ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ನೀರಲ್ಲಿ ಏನಿದ್ದರೂ ನೇರ ಮೈಗೇ ಹೋಗುತ್ತದೆ. ನಮ್ಮೂರಿನ ನಲ್ಲಿ ನೀರಿಗೆ ಮಾರ್ಚ್ ತಿಂಗಳೊಂದು ಬಿಟ್ಟರೆ ವರ್ಷವೆಲ್ಲ ಕ್ರಿಮಿ ಸಾಯಲು ಕ್ಲೋರಮಿನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿದ್ದು, ಹಾಕುತ್ತಾರೆ. ಬರೀ ಕ್ಲೋರಿನ್ ಆದರೆ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಹಾರಿಹೋಗುತ್ತದೆ, ಕ್ಲೋರಮಿನ್ ಹಾಗೆ ಸುಲಭಕ್ಕೆ ಹೋಗಲ್ಲ. ಅದಕ್ಕೆ ಮೀನಿನ ಟ್ಯಾಂಕಿಗೆ ಹಾಕುವ ಕಂಡೀಷನರ್ ಬೇಕು, ಡಬ್ಬಿ ಮೇಲೆ ಕ್ಲೋರಮಿನ್ ತೆಗೆಯುತ್ತದೆ ಅಂತ ಬರೆದಿರುವುದೇ ಆಗಬೇಕು. ಅಂಗಡಿ ಮುಚ್ಚುವ ಹೊತ್ತಿಗೆ ಇವರು ಓಡಿಹೋಗಿ ತಂದರು.

ಪೌಡರ್ ಇಲ್ಲದ ಕೈಗವಸನ್ನು ಒದ್ದೆ ಮಾಡಿ ಹಾಕಿಕೊಂಡು, ಗದ್ದಕ್ಕಿಂತ ಕೆಳಗೇ ನಿಲ್ಲುವಷ್ಟು ನೀರಿದ್ದ ಡಬ್ಬಿಯಲ್ಲಿ ಅದನ್ನು ಕೂರಿಸಿದೆ. ಸ್ವಲ್ಪ ಹೊತ್ತಿಗೆ ಹಿಂಗಾಲು ಅಗಲ ಮಾಡಿ ಹೊಟ್ಟೆಯನ್ನು ನೀರಿಗೆ ಒತ್ತಿ ಕೂತಿತು. ಹಳೇ ಚರ್ಮವನ್ನು ನಾನು ಎಳೆಯಲು ಹೋಗಲಿಲ್ಲ, ನೆನೆದು ತಾನೇ ಬಿಟ್ಟುಕೊಂಡಿತು. ಟ್ಯಾಂಕಿನಲ್ಲಿದ್ದ ಸಣ್ಣ ಕಲ್ಲುಗಳನ್ನೆಲ್ಲ ಹೊರಗೆ ಹಾಕಿದೆ. ಹುಳ ಹಿಡಿಯುವಾಗ ಕಪ್ಪೆ ಕಲ್ಲನ್ನೂ ನುಂಗಿಬಿಡುತ್ತದೆ, ಅದು ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಸದ್ಯಕ್ಕೆ ಒದ್ದೆ ಪೇಪರ್ ಟವೆಲ್ ಹಾಸಿದೆ. ಕೊಳೆಯಾದರೆ ತಕ್ಷಣ ಗೊತ್ತಾಗುತ್ತದೆ. ಹೊಸ ದೀಪ ಹಾಕಿ, ಹಗಲು 26 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವ ಹಾಗೆ ನೋಡಿಕೊಂಡೆ. ಮೈ ತಣ್ಣಗಿದ್ದರೆ ತಿಂದದ್ದು ಜೀರ್ಣ ಆಗಲ್ಲ, ಅದಕ್ಕೇ ಊಟದ ಸರದಿ ಕೊನೆಗೆ.

ಆ ಹಸಿವಿನ ಕತೆ ಬಿಚ್ಚಿಕೊಂಡಿದ್ದು ಆಮೇಲೆ. ಟ್ಯಾಂಕಿನ ಜೊತೆ ಅವರು ಒಂದು ಡಬ್ಬಿ ಒಣಗಿದ ಹುಳ ಕೊಟ್ಟಿದ್ದರು. ಕಪ್ಪೆಯ ಕಣ್ಣಿಗೆ ಅಲ್ಲಾಡಿದ್ದೇ ಊಟ, ಅಲ್ಲಾಡದ ಹುಳ ಮುಂದೆ ಬಿದ್ದಿದ್ದರೂ ಅದಕ್ಕೆ ಕಲ್ಲಿನ ಹಾಗೆಯೇ. ನೆನಪಾದಾಗ ಜೀವಂತ ಕ್ರಿಕೆಟ್ ಹುಳಗಳನ್ನೂ ಬಿಡುತ್ತಿದ್ದರಂತೆ, ಅವನ್ನೂ ತಿನ್ನುತ್ತಿರಲಿಲ್ಲವಂತೆ. ನಾನು ಸಂಜೆ ದೀಪ ಆರಿಸಿ ಒಂದು ಕ್ರಿಕೆಟ್ ಬಿಟ್ಟು ಪಕ್ಕದಲ್ಲೇ ಕೂತೆ. ಕಪ್ಪೆ ತಲೆ ತಿರುಗಿಸಿತು, ಗುರಿ ಹಿಡಿಯಿತು, ಮುಂದಕ್ಕೆ ಹಾರಿತು. ಬಾಯಿಗೆ ಏನೂ ಬರಲಿಲ್ಲ. ಮತ್ತೆ ಹಾರಿತು. ನಾಲಗೆ ಹುಳಕ್ಕೆ ತಾಗುತ್ತಿತ್ತು, ಹುಳ ಮಾತ್ರ ಅಂಟುತ್ತಿರಲಿಲ್ಲ. ಕೊನೆಗೆ ಸುಸ್ತಾಗಿ ಮೂಲೆಗೆ ಹೋಗಿ ಕೂತುಬಿಟ್ಟಿತು.

ಇಷ್ಟು ದಿನ ಅದು ಹೀಗೇ ಹಸಿದುಕೊಂಡು ಕೂತಿತ್ತು ಅಂತ ಗೊತ್ತಾದಾಗ ನನಗೆ ಅಳು ಬಂತು.

ವಿಡಿಯೋ ನೋಡಿದ ಕೂಡಲೇ ವೆಟ್ ವಿಟಮಿನ್ ಎ ಕೊರತೆಯ ಅನುಮಾನ ಹೇಳಿದರು. ಬರೀ ಕ್ರಿಕೆಟ್ ತಿಂದು ಬೆಳೆದ ಕಪ್ಪೆಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ, ನಾಲಗೆಯಲ್ಲಿ ಅಂಟು ತಯಾರಿಸುವ ಗ್ರಂಥಿಗಳು ಕೆಡುತ್ತವೆ. ಕಪ್ಪೆಯನ್ನು ಅವರ ಹತ್ತಿರ ಕರೆದುಕೊಂಡು ಹೋದಾಗ ಕೆಳದವಡೆಯನ್ನು ಮೆಲ್ಲಗೆ ಒತ್ತಿ ನೋಡಿ, ಸ್ವಲ್ಪ ಮೆತ್ತಗಿದೆ, ಕ್ಯಾಲ್ಸಿಯಂ ಕೂಡ ಸಾಲದು ಅಂದರು. ವಿಟಮಿನ್ ಎ ಜಾಸ್ತಿಯಾದರೂ ವಿಷವೇ, ಹಾಗಾಗಿ ಅಳತೆ ಅವರೇ ಬರೆದುಕೊಟ್ಟರು. ನಾವು ಮಾಡಬೇಕಾದ್ದು ಕ್ರಿಕೆಟ್‌ಗಳಿಗೆ ಮೊದಲು ಕ್ಯಾರೆಟ್, ಸೊಪ್ಪು ತಿನ್ನಿಸಿ, ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ, ಚಿಮಟದಲ್ಲಿ ಹಿಡಿದು ತುಟಿ ಹತ್ತಿರ ಅಲ್ಲಾಡಿಸುವುದು. ಮೊದಲ ಹುಳ ಒಳಗೆ ಹೋದಾಗ ಅದರ ಎರಡೂ ಕಣ್ಣು ತಲೆಯೊಳಗೆ ಇಳಿದವು. ನುಂಗುವಾಗ ಊಟವನ್ನು ಕೆಳಗೆ ತಳ್ಳಲು ಕಣ್ಣುಗುಡ್ಡೆಗಳೂ ನೆರವಾಗುತ್ತವೆ, ನೋಡಲು ಎಷ್ಟು ಚಂದ ಗೊತ್ತಾ!

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಈ ಕಪ್ಪೆ ಚೆನ್ನಾಗಿ ನೋಡಿಕೊಂಡರೆ 15 ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಅಷ್ಟನ್ನು ಒಂದು ಮಗುವಿನ ತಲೆಗೆ ಕಟ್ಟಿದ ದೊಡ್ಡವರ ಮೇಲೆ ಕೋಪ ಇದೆ. ಕಾಲೇಜಿನಿಂದ ಅವನು ಮೆಸೇಜ್ ಮಾಡಿ ಕೇಳಿದ್ದ, ಫೋಟೋ ಕಳಿಸಿದೆ. ಬೆನ್ನಿನ ಮೇಲೆ ಹಸಿರು ಬರುತ್ತಿರುವುದನ್ನು ಅವನೇ ಮೊದಲು ಗುರುತಿಸಿದ.

ಈಗ ಸೊಂಟದ ಮೂಳೆ ಮುಚ್ಚಿಕೊಂಡಿವೆ. ಮೊನ್ನೆ ಚಿಮಟದಿಂದ ಜಾರಿ ಬಿದ್ದ ಕ್ರಿಕೆಟ್ಟನ್ನು ತಾನೇ ನಾಲಗೆ ಚಾಚಿ ಹಿಡಿಯಿತು. ಮುಂದಿನದ್ದು ತಪ್ಪಿತು, ಅದರ ಮುಂದಿನದ್ದು ಸಿಕ್ಕಿತು. ಆ ವಿಡಿಯೋವನ್ನೂ ವೆಟ್‌ಗೆ ಕಳಿಸಿದೆ. ವಿಟಮಿನ್ ಎ ಇನ್ನು ಕಡಿಮೆ ಮಾಡಬಹುದು, ಕ್ಯಾಲ್ಸಿಯಂ ಮಾತ್ರ ಬಿಡಬೇಡಿ ಅಂದಿದ್ದಾರೆ.