17 ಡಿಬಿ ಎಲ್ಲಿ ಹೋಯಿತು?

ಎರಡು ಕಟ್ಟಡಗಳ ನಡುವೆ 2 ಕಿಲೋಮೀಟರ್. ಎರಡೂ ತಾರಸಿಗಳ ಮೇಲೆ ಒಂದೊಂದು ಡಿಶ್, ನಡುವೆ ತಂತಿಯಿಲ್ಲದ 5 ಗಿಗಾಹರ್ಟ್ಸ್ ನೆಟ್‌ವರ್ಕ್ ಲಿಂಕ್. ಆ ಕಡೆಯ ಡಿಶ್ ಹಿಂದಿನ ದಿನವೇ ಸರಿಯಾಗಿ ಕೂತಿತ್ತು. ನಮ್ಮ ಕಡೆಯದು ಮಾತ್ರ ಬಾಕಿ. ಅರ್ಧ ದಿನದ ಕೆಲಸ ಅಂದುಕೊಂಡು ಬೆಳಿಗ್ಗೆ ಹತ್ತಿದವನು ಕೆಳಗಿಳಿದದ್ದು ಕತ್ತಲಾಗುವ ಹೊತ್ತಿಗೆ. ತಪ್ಪೆಲ್ಲ ನನ್ನದೇ.

ಮೊದಲ ತಕರಾರು ಡಿಶ್ ಕೂರಿಸುವ ಕಂಬದ್ದು. ನಾನು ಆರಿಸಿದ ಮೂಲೆಯಿಂದ ಎದುರಿನ ಕಟ್ಟಡಗಳು ಚೆನ್ನಾಗಿ ಕಾಣುತ್ತಿದ್ದವು, ಕೇಬಲ್ ಇಳಿಸುವ ಕಿಂಡಿಯೂ ಪಕ್ಕದಲ್ಲೇ. ಜೊತೆಗಿದ್ದ ಸೀನಿಯರ್ ಸುಮ್ನೆ ಕೇಳಿದರು, 'ಕಂಬ ಎಷ್ಟುದ್ದ?' 6 ಮೀಟರ್ ಅಂದೆ. 'ಕೈತಪ್ಪಿ ವಾಲಿದರೆ ತುದಿ ಎಲ್ಲಿಗೆ ಹೋಗುತ್ತೆ?' ಬಗ್ಗಿ ನೋಡಿದೆ, 5 ಮೀಟರ್ ಆಚೆ ಕರೆಂಟ್ ತಂತಿ. ಬೀಳಲ್ಲ ಬಿಡಿ, ಇಬ್ಬರೂ ಹಿಡ್ಕೊಂಡಿರ್ತೀವಲ್ಲ ಅಂದೆ. 'ಹಿಡ್ಕೊಂಡಿರ್ತೀವಲ್ಲ, ಅದೇ ಭಯ' ಅಂದರು.

ತಂತಿಗೂ ಕಂಬಕ್ಕೂ ನಡುವೆ ಕಂಬದ ಎತ್ತರದ ಎರಡರಷ್ಟಾದರೂ ಜಾಗ ಇರಬೇಕು ಅನ್ನುವುದು ಅವರ ಲೆಕ್ಕ. ಹಾಗಾಗಿ ಎಲ್ಲ ಸಾಮಾನು ಹೊತ್ತು ತಾರಸಿಯ ಇನ್ನೊಂದು ತುದಿಗೆ. ಕೇಬಲ್ ಜಾಸ್ತಿ ಬೇಕಾಯಿತು, ನಾನು ಗೊಣಗಿದ್ದೂ ಜಾಸ್ತಿ. ಅರ್ಥ್ ವಿಷಯದಲ್ಲೂ ಹಾಗೆಯೇ. ಕಂಬಕ್ಕೆ ಬೇರೆ ರಾಡ್ ಹೊಡೆದು ಬಿಡೋಣ, ಬೇಗ ಮುಗಿಯುತ್ತೆ ಅಂದೆ. ಅವರು ಒಪ್ಪಲಿಲ್ಲ. ಕಟ್ಟಡದ ಅರ್ಥ್ ಒಂದು, ಕಂಬದ್ದು ಇನ್ನೊಂದು ಅಂತ ಬಿಡಿ ಬಿಡಿಯಾಗಿದ್ದರೆ, ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡರ ನಡುವೆ ಸಾವಿರಗಟ್ಟಲೆ ವೋಲ್ಟ್ ವ್ಯತ್ಯಾಸ ಬರಬಹುದು, ಅದು ಹರಿಯಲು ಸಿಗುವ ದಾರಿ ನಮ್ಮ ನೆಟ್‌ವರ್ಕ್ ಕೇಬಲ್, ಅದರ ತುದಿಯಲ್ಲಿ ನೆಟ್‌ವರ್ಕ್ ಸ್ವಿಚ್. ಎರಡನ್ನೂ ದಪ್ಪ ತಾಮ್ರದ ತಂತಿಯಿಂದ ಬೆಸೆದೆವು. ಕೇಬಲ್ ಒಳಗೆ ಹೋಗುವ ಕಡೆ ಸಿಡಿಲಿನ ಏಟು ತಡೆಯುವ ಸರ್ಜ್ ಅರೆಸ್ಟರ್ ಹಾಕಿದೆವು.

ಮಧ್ಯಾಹ್ನದ ಹೊತ್ತಿಗೆ ರೇಡಿಯೊ ಆನ್ ಮಾಡಿದೆ. ಸ್ಕ್ಯಾನ್ ಮಾಡಿದರೆ 5600ರಿಂದ 5650 ಮೆಗಾಹರ್ಟ್ಸ್ ಜಾಗ ಪೂರಾ ಖಾಲಿ. ಆಹಾ ಅಂತ ಅಲ್ಲೇ ಚಾನೆಲ್ ಹಾಕಿದೆ. ಏನೂ ಆಗಲಿಲ್ಲ. ಐದು ನಿಮಿಷ ಕಾದು ರೀಬೂಟ್ ಮಾಡಿದೆ. ಮತ್ತೆ ಐದಾರು ನಿಮಿಷ, ಮತ್ತೆ ರೀಬೂಟ್. ಆಮೇಲೆ ಬೇಜಾರಾಗಿ ನೀರು ಕುಡಿಯಲು ಹೋಗಿ ಬಂದರೆ ಲಿಂಕ್ ತಾನಾಗಿ ಎದ್ದಿತ್ತು! ರೇಡಿಯೊ ಕೆಟ್ಟಿರಲಿಲ್ಲ, ಕಿವಿಗೊಟ್ಟು ಕೂತಿತ್ತು ಅಷ್ಟೇ. ರಾಡಾರ್ ಇರುವ ಚಾನೆಲ್‌ಗಳಲ್ಲಿ ಮಾತಾಡುವ ಮೊದಲು ಕೇಳಿಸಿಕೊಳ್ಳಬೇಕು, ಅದೇ ಡಿಎಫ್‌ಎಸ್. ಸಾಮಾನ್ಯವಾಗಿ 1 ನಿಮಿಷ ಸಾಕು. ಹವಾಮಾನ ರಾಡಾರ್‌ಗಳಿರುವ ಈ ಭಾಗದಲ್ಲಿ ಯುರೋಪಿನ ನಿಯಮದಂತೆ 10 ನಿಮಿಷ, ನಮ್ಮ ರೇಡಿಯೊ ನಡೆದುಕೊಂಡದ್ದೂ ಹಾಗೆಯೇ. ನಾನು ಪ್ರತಿ ಸಲ ರೀಬೂಟ್ ಮಾಡಿದಾಗಲೂ ಪಾಪ ಅದು ಒಂದರಿಂದ ಎಣಿಸುತ್ತಿತ್ತು.

ಲಿಂಕ್ ಎದ್ದಿತು, ಆದರೆ ಸಿಗ್ನಲ್ -77 ಡಿಬಿಎಂ. ಸಿಗ್ನಲ್‌ನ ಬಲವನ್ನು ಡಿಬಿಯಲ್ಲಿ, ಅಂದರೆ ಡೆಸಿಬೆಲ್‌ನಲ್ಲಿ ಅಳೆಯುವ ಅಂಕಿ ಅದು, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ. ಸ್ಪೀಡ್ ಯಾತಕ್ಕೂ ಸಾಲದು. ಸೀನಿಯರ್ ಕೆಳಗೆ ಹೋಗಿದ್ದರು. ಆಗ ನಾನು ಮಾಡಿದ್ದನ್ನು ಈ ಕೆಲಸ ಮಾಡುವ ಬಹಳ ಜನ ಒಂದಲ್ಲ ಒಂದು ದಿನ ಮಾಡಿರುತ್ತಾರೆ. ಸೆಟ್ಟಿಂಗ್‌ನಲ್ಲಿ ದೇಶದ ಹೆಸರನ್ನು ಬದಲಾಯಿಸಿದೆ. ಅಲ್ಲಿ ಯಾವ ದೇಶ ಇದೆಯೋ ಅದರ ನಿಯಮವನ್ನೇ ರೇಡಿಯೊ ಪಾಲಿಸುವುದು. ತಕ್ಷಣ ಕಾಯುವ ಗೋಳೂ ಇಲ್ಲ, ಪವರ್ ಮಿತಿಯೂ ಇಲ್ಲ. 7ರಲ್ಲಿದ್ದ ಪವರ್ ಅನ್ನು 24ಕ್ಕೆ ಏರಿಸಿದೆ. ಎದುರಿನ ತುದಿಗೆ ನನ್ನ ಸಿಗ್ನಲ್ ಈಗ -60. ಖುಷಿಯಾಯಿತು. ಆದರೆ ನನಗೆ ಅವರ ಸಿಗ್ನಲ್ ಇನ್ನೂ -77 ಅಲ್ವಾ! ನಾನು ಕೂಗಿದರೆ ನನ್ನ ಕಿವಿ ಚುರುಕಾಗುತ್ತದೆಯೇ? ಸರಿ, ಆ ತುದಿಯದನ್ನೂ ಏರಿಸೋಣ ಅಂತ ಲಾಗಿನ್ ಆಗುತ್ತಿದ್ದಾಗ ಸೀನಿಯರ್ ಮೇಲೆ ಬಂದರು.

ಸ್ಕ್ರೀನ್ ನೋಡಿದರು. ಬೈಯಲಿಲ್ಲ. '24ಕ್ಕೆ ಡಿಶ್‌ನ 23 ಡಿಬಿಐ ಕೂಡಿಸು.' ಡಿಶ್ ಸಿಗ್ನಲ್ ಅನ್ನು ಒಂದೇ ಕಡೆಗೆ ಒಟ್ಟುಗೂಡಿಸಿ ಕೊಡುವ ಹೆಚ್ಚುವರಿ ಬಲ ಅದು, ಅದೇ ಗೇನ್. 47. 'ಇಲ್ಲಿ ನಮಗೆ ಮಿತಿ ಎಷ್ಟು?' 30, ಅಂದರೆ 1 ವ್ಯಾಟ್, ಅದು ಆಂಟೆನಾದ ಗೇನ್ ಸೇರಿಸಿಯೇ. 47 ಅಂದರೆ 50 ವ್ಯಾಟ್. ಲೆಕ್ಕ ಮಾಡುವವರೆಗೂ ನನಗೆ ಅದು ಪರದೆಯ ಮೇಲಿನ ಒಂದು ಅಂಕಿ ಮಾತ್ರ ಆಗಿತ್ತು. ಆ 'ಖಾಲಿ' ಚಾನೆಲ್‌ನ ಬಗ್ಗೆಯೂ ಹೇಳಿದರು. ರಾಡಾರ್ ತಿರುಗುತ್ತಿರುತ್ತದೆ, ಅದರ ಕಿರಣ ನಮ್ಮ ಮೇಲೆ ಹಾದು ಹೋಗುವುದು ಕ್ಷಣ ಮಾತ್ರ, ನಮ್ಮ ಸ್ಕ್ಯಾನಿಗೆ ಅದು ಕಾಣದೇ ಹೋಗಬಹುದು. ಆದರೆ ನಾವು ಅದಕ್ಕೆ ಕಾಣುತ್ತೇವೆ, ಮಳೆಯ ಚಿತ್ರದ ಮೇಲೆ ಒಂದು ಉದ್ದ ಗೀಟಾಗಿ. 2009ರಲ್ಲಿ ಪೋರ್ಟೊ ರಿಕೊದ ಸ್ಯಾನ್ ವಾನ್‌ನಲ್ಲಿ ವಿಮಾನ ನಿಲ್ದಾಣಕ್ಕಾಗಿ ಇದ್ದ ಹವಾಮಾನ ರಾಡಾರ್‌ಗೆ ತೊಂದರೆ ಕೊಟ್ಟದ್ದೂ ಇಂಥವೇ 5 ಗಿಗಾಹರ್ಟ್ಸ್ ರೇಡಿಯೊಗಳು. ಗೀಟು ಯಾವ ದಿಕ್ಕಿನಲ್ಲಿದೆಯೋ ಆ ದಿಕ್ಕಿನಲ್ಲೇ ಹುಡುಕಿಕೊಂಡು ಬರಬಹುದು ನೋಡಿ.

ದೇಶ ಸರಿ ಮಾಡಿದೆ, ಚಾನೆಲ್ 5500ಕ್ಕೆ ಇಳಿಸಿದೆ, 1 ನಿಮಿಷ ಕಾದೆ. ಮತ್ತೆ -77.

ಅವರು ಹಾಳೆ ತೆಗೆದರು. 2 ಕಿಲೋಮೀಟರ್ ದೂರಕ್ಕೆ ದಾರಿಯಲ್ಲಿ ಕಳೆದುಹೋಗುವುದು 113 ಡಿಬಿ. 7ಕ್ಕೆ ಡಿಶ್‌ನ 23 ಕೂಡಿ ಹೊರಡುವುದು 30, ಆ ಕಡೆಯ ಡಿಶ್ ಕೂಡಿಸುವುದು 23. ಬರಬೇಕಾದದ್ದು -60. 'ಹಾಗಾದರೆ 17 ಡಿಬಿ ಎಲ್ಲಿ ಹೋಯಿತು?' ನಾನು ಏರಿಸಿದ್ದೂ ಸರಿಯಾಗಿ 17. ಪವರ್ ಹೆಚ್ಚಿಸಿ ಆ ತೂತನ್ನೇ ಮುಚ್ಚಲು ಹೊರಟಿದ್ದೆ.

ನೀರಿನ ಟ್ಯಾಂಕ್ ನೋಡಿ ಎದುರಿನ ಕಟ್ಟಡ ಗುರುತು ಹಿಡಿದಿದ್ದೆ. ಮಬ್ಬಿನಲ್ಲಿ ಅಂಥ ಟ್ಯಾಂಕ್ ಎರಡಿದ್ದವು. ನಾನು ತಿರುಗಿಸಿದ್ದು ತಪ್ಪು ಟ್ಯಾಂಕಿನ ಕಡೆಗೆ. ಡಿಶ್‌ನ ಮುಖ್ಯ ಕಿರಣ ಇರುವುದು ಹತ್ತು ಹನ್ನೆರಡು ಡಿಗ್ರಿ ಅಗಲ, ಅದು ಬೇರೆಲ್ಲೋ ಬೀಳುತ್ತಿತ್ತು. ಲಿಂಕ್ ಎದ್ದಿದ್ದು ಪಕ್ಕಕ್ಕೆ ಸೋರುವ ಸಣ್ಣ ಕಿರಣದಲ್ಲಿ, ಅಂದರೆ ಸೈಡ್ ಲೋಬ್‌ನಲ್ಲಿ.

ಹಾರ್ನೆಸ್ ಕೊಕ್ಕೆ ಹಾಕಿಕೊಂಡು, ಡಿಶ್‌ನ ಹಿಂದೆ ನಿಂತು, ಬೋಲ್ಟ್ ಸಡಿಲಿಸಿ ನಿಧಾನವಾಗಿ ಎಡಕ್ಕೆ ತಿರುಗಿಸಿದೆ. ಮೊದಲು ಸಿಗ್ನಲ್ ಇನ್ನೂ ಬಿದ್ದಿತು, -85, ಲಿಂಕೇ ಹೋಯಿತು. ಸಣ್ಣ ಕಿರಣಕ್ಕೂ ಮುಖ್ಯ ಕಿರಣಕ್ಕೂ ನಡುವಿನ ಖಾಲಿ ಜಾಗ ಅದು. ಕೈ ವಾಪಸ್ ತಿರುಗಿಸಲು ಹೋಯಿತು. ಇನ್ನೂ ಹೋಗಲಿ ಅಂದರು ಕೆಳಗಿನಿಂದ. ಸ್ವಲ್ಪ ಹೊತ್ತಿಗೆ -72. ಆಮೇಲೆ -65. -61ಕ್ಕೆ ಬಂದು ನಿಂತಿತು, ಎರಡೂ ಕಡೆ. ಬೋಲ್ಟ್ ಬಿಗಿ ಮಾಡಿದೆ.

ಇನ್ನೊಂದು ಡಿಬಿ ಬಾಕಿ ಇದೆಯಲ್ಲ ಅಂದೆ. ಅವರು ಆಗಲೇ ಸ್ಪ್ಯಾನರ್ ಚೀಲಕ್ಕೆ ತುಂಬುತ್ತಿದ್ದರು.