ಪಟ್ಟಿ ಪಕ್ಕಕ್ಕಿಟ್ಟು ಪ್ರಾಣಿ ನೋಡಿ: ನೈರೋಬಿಯಿಂದ ಒಂದು ಪತ್ರ

ನೈರೋಬಿಯ ಲಂಗಾಟಾ ರಸ್ತೆಯಲ್ಲಿ ನ್ಯಾಷನಲ್ ಪಾರ್ಕಿನ ಗೇಟು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಕೆಲಸಕ್ಕೆಂದು ಈ ಊರಿಗೆ ಬಂದ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇರೆ ಇಲ್ಲ. ವಾರವಿಡೀ ಆಫೀಸು, ಮೀಟಿಂಗು, ಟ್ರಾಫಿಕ್ಕು. ಶನಿವಾರ ಬೆಳಕು ಹರಿಯುವಾಗ ಘೇಂಡಾಮೃಗ ಹುಲ್ಲು ಮೇಯುತ್ತಾ ಇರುತ್ತದೆ, ಅದರ ಬೆನ್ನ ಹಿಂದೆ ನಾವು ಕೆಲಸ ಮಾಡುವ ಊರಿನ ಎತ್ತರದ ಕಟ್ಟಡಗಳು ಸಾಲಾಗಿ ಕಾಣುತ್ತವೆ. 1946ರಲ್ಲಿ ಶುರುವಾದ ಈ ಪಾರ್ಕು ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ. ವಿಸ್ತೀರ್ಣ ಸುಮಾರು 117 ಚದರ ಕಿಲೋಮೀಟರ್, ಅಷ್ಟೇ. ನಮ್ಮ ನಾಗರಹೊಳೆಯ ಮುಂದೆ ತುಂಬಾ ಚಿಕ್ಕದು. ಆದರೂ ಸಿಂಹ, ಜಿರಾಫೆ, ಕಾಡೆಮ್ಮೆ, ಕಪ್ಪು ಮತ್ತು ಬಿಳಿ ಎರಡೂ ಬಗೆಯ ಘೇಂಡಾಮೃಗ ಇಲ್ಲಿವೆ. ಆನೆ ಮಾತ್ರ ಇಲ್ಲ.

ಊರಿನ ಗೆಳೆಯರು, ನೆಂಟರು ಈಗೀಗ ಕೀನ್ಯಾಕ್ಕೆ ಬರುವುದು ಜಾಸ್ತಿಯಾಗಿದೆ. ಬರುವ ಮೊದಲೇ ಕೈಯಲ್ಲೊಂದು ಪಟ್ಟಿ ಇರುತ್ತದೆ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. 'ಬಿಗ್ ಫೈವ್' ಅಂತ ಹೇಳ್ತಾರಲ್ಲ, ಅದೇ. ಈ ಪಟ್ಟಿ ಮಾಡಿದವರು ಬೇಟೆಗಾರರು. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಯಾವ ಪ್ರಾಣಿಗಳು ಅತಿ ಕಷ್ಟ, ಅತಿ ಅಪಾಯ ಅನ್ನುವ ಲೆಕ್ಕ ಅದು. ಕೀನ್ಯಾದಲ್ಲಿ ಬೇಟೆ ನಿಂತಿದ್ದು 1977ರಲ್ಲಿ. ಬಂದೂಕು ಹೋಯಿತು, ಪಟ್ಟಿ ಉಳಿಯಿತು. ಬರುವವರೆಲ್ಲರಿಗೂ ನಾನು ಹೇಳುವುದು ಒಂದೇ ಮಾತು. ಪಟ್ಟಿಯನ್ನು ಪಕ್ಕಕ್ಕಿಡಿ, ಒಂದೇ ಪ್ರಾಣಿಯ ಹತ್ತಿರ ಒಂದೆರಡು ಗಂಟೆ ಸುಮ್ನೆ ಕೂತು ನೋಡಿ.

ಯಾಕೆ ಅಂತ ಹೇಳ್ತೀನಿ.

ಬಂಡೀಪುರ, ಕಬಿನಿ ಕಡೆ ಸಫಾರಿ ಮಾಡಿದವರಿಗೆ ಗೊತ್ತು, ನಮ್ಮ ಕಾಡಲ್ಲಿ ಕಿವಿಗೇ ಕೆಲಸ ಜಾಸ್ತಿ. ಮುಸುವ ಕೂಗಿತಾ, ಜಿಂಕೆ ಕೂಗಿತಾ, ಯಾವ ಕಡೆಯಿಂದ ಕೂಗಿತು ಅಂತ ಕಾಯುತ್ತಾ ಕೂರಬೇಕು. ಹುಲಿ ಕಂಡರೆ ರಸ್ತೆ ದಾಟುವ ನಾಲ್ಕು ಸೆಕೆಂಡು. ಇಲ್ಲಿಯ ಹೆಸರುವಾಸಿ ಸಫಾರಿ ತಾಣ ಮಸಾಯಿ ಮಾರಾದಲ್ಲಿ ಹಾಗಲ್ಲ. ಅದು ಬಯಲು. ದಿಗಂತದವರೆಗೂ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಜಾತಿಯ ಮರ. ಒಂದು ಪ್ರಾಣಿ ಕಂಡಿತು ಅಂದರೆ ಅದು ಎದ್ದು ಹೋಗುವವರೆಗೂ ಕಣ್ಣ ಮುಂದೆಯೇ ಇರುತ್ತದೆ. ಅಂದರೆ ಪ್ರಾಣಿಯ ಮುಖ ಮಾತ್ರ ಅಲ್ಲ, ಅದರ ದಿನಚರಿಯನ್ನೇ ನೋಡುವ ಅವಕಾಶ. ಇಂಥ ಅವಕಾಶ ಇರುವ ಜಾಗಕ್ಕೆ ಇಷ್ಟು ದುಡ್ಡು ಕೊಟ್ಟು ಬಂದು, ಸಿಂಹದ ಫೋಟೊ ಆಯಿತು ಮುಂದಕ್ಕೆ ಹೋಗೋಣ ಅನ್ನುವುದು ನನಗೆ ನಿಜವಾಗಿ ಸಂಕಟ ಕೊಡುತ್ತದೆ. ಸಿಂಹ ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ, ಇಪ್ಪತ್ತು ಗಂಟೆ ಮಲಗುವುದೂ ಉಂಟು. ಮಲಗಿದ ಸಿಂಹ ಏಳುವುದನ್ನು ಕಾದು ನೋಡಬೇಕು ಅಲ್ವಾ?

ನನ್ನನ್ನು ಹೀಗೆ ಕೂರುವಂತೆ ಮಾಡಿದ್ದು ಕತ್ತೆಕಿರುಬ. ಪಟ್ಟಿಯಲ್ಲಿ ಇಲ್ಲದ ಪ್ರಾಣಿ. ಯಾರೂ ಗಾಡಿ ನಿಲ್ಲಿಸದ ಪ್ರಾಣಿ. ನಮ್ಮ ಕೊಪ್ಪಳ, ತುಮಕೂರು ಕಡೆ ಇರುವುದು ಪಟ್ಟೆ ಕತ್ತೆಕಿರುಬ, ಅದು ರಾತ್ರಿ ಒಂಟಿಯಾಗಿ ಓಡಾಡುವ ನಾಚಿಕೆಯ ಜೀವ. ಇಲ್ಲಿಯದು ಚುಕ್ಕೆಯದು. ಗುಂಪಲ್ಲಿ ಬಾಳುತ್ತದೆ. ಒಂದೊಂದು ಗುಂಪಲ್ಲಿ ಹತ್ತಾರು ಇರುತ್ತವೆ, ಮಾರಾದಂಥ ಬೇಟೆ ಹೇರಳವಾಗಿರುವ ಕಡೆ ಇನ್ನೂ ಜಾಸ್ತಿ.

ಮಾರಾದಲ್ಲಿ ಒಮ್ಮೆ ನಮ್ಮ ಗೈಡು ಒಂದು ಮಣ್ಣಿನ ದಿಬ್ಬದ ಹತ್ತಿರ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದರು. ಮಸಾಯಿ ಸಮುದಾಯದವರು, ಅದೇ ನೆಲದಲ್ಲಿ ದನ ಕಾಯುತ್ತಾ ಬೆಳೆದವರು. ದಿಬ್ಬದಲ್ಲಿ ಒಂದು ಬಿಲ. ಅದು ಆರ್ಡ್‌ವಾರ್ಕ್ ಅನ್ನುವ, ಗೆದ್ದಲು ತಿನ್ನುವ ಪ್ರಾಣಿ ತೋಡಿ ಬಿಟ್ಟುಹೋದ ಬಿಲವಂತೆ. ಬಾಯಿ ದೊಡ್ಡದು, ಒಳಗೆ ಹೋಗುತ್ತಾ ಕಿರಿದು. ಮರಿಗಳು ಮಾತ್ರ ಒಳಕ್ಕೆ ಹೋಗಬಲ್ಲವು, ದೊಡ್ಡವು ನುಗ್ಗಲು ಆಗುವುದಿಲ್ಲ, ಹಾಗಾಗಿ ಸಿಂಹ ಬಂದರೂ ಮರಿ ಬದುಕುತ್ತದೆ. ಸ್ವಲ್ಪ ಹೊತ್ತಿಗೆ ಕಪ್ಪು ಬಣ್ಣದ ಎರಡು ಮರಿಗಳು ಹೊರಗೆ ಬಂದವು. ಹುಟ್ಟುವಾಗ ಇವುಗಳ ಮೈ ಪೂರ್ತಿ ಗಾಢ ಬಣ್ಣ, ಚುಕ್ಕೆ ಆಮೇಲೆ ಮೂಡುತ್ತದೆ. ಕಣ್ಣು ತೆರೆದುಕೊಂಡೇ ಹುಟ್ಟುತ್ತವೆ, ಬಾಯಲ್ಲಿ ಆಗಲೇ ಹಲ್ಲು.

ಆಮೇಲೆ ತಾಯಂದಿರು ಒಬ್ಬೊಬ್ಬರೇ ಬಂದರು. ಬಿಲ ಎಲ್ಲರಿಗೂ ಸೇರಿದ್ದು, ಹಾಲು ಮಾತ್ರ ಅವರವರ ಮರಿಗೆ. ಒಂದು ಹೆಣ್ಣು ಬಂದು ಮಲಗಿದ ಕೂಡಲೇ ಇನ್ನೊಂದು ಎದ್ದು ಜಾಗ ಬಿಟ್ಟಿತು. ಗೈಡು ಮೆಲ್ಲಗೆ ಹೇಳಿದರು, ಈಗ ಬಂದದ್ದು ಮೇಲಿನ ಮನೆತನದ್ದು ಅಂತ. ಕತ್ತೆಕಿರುಬದ ಗುಂಪಲ್ಲಿ ಹೆಣ್ಣಿನದೇ ಯಜಮಾನಿಕೆ. ಗಾತ್ರದಲ್ಲೂ ಹೆಣ್ಣೇ ದೊಡ್ಡದು. ತಾಯಿಯ ಸ್ಥಾನ ಮರಿಗೆ ಬರುತ್ತದೆ. ಅಂದರೆ ಯಜಮಾನಿಯ ಮೊಣಕಾಲೆತ್ತರದ ಮರಿ ಬಂದರೂ ಕೆಳಗಿನ ಸ್ಥಾನದ ದೊಡ್ಡ ಪ್ರಾಣಿ ತಲೆ ತಗ್ಗಿಸಿ ದಾರಿ ಬಿಡಬೇಕು. ಬೇರೆ ಗುಂಪಿನಿಂದ ಬಂದು ಸೇರಿದ ಗಂಡುಗಳ ಸ್ಥಾನ ಎಲ್ಲರಿಗಿಂತ ಕೆಳಗೆ. ಅಂಥ ಒಂದು ಗಂಡು ಅವತ್ತು ದೂರದಲ್ಲಿ ನಿಂತು ಹತ್ತಿರ ಬರಲೋ ಬೇಡವೋ ಅಂತ ಅತ್ತಿತ್ತ ಓಡಾಡುತ್ತಲೇ ಇತ್ತು, ನಾವು ಹೊರಡುವವರೆಗೂ ಅದಕ್ಕೆ ಧೈರ್ಯ ಬರಲಿಲ್ಲ.

ಇದೆಲ್ಲ ಸುಮ್ನೆ ಗೈಡುಗಳು ಹೇಳುವ ಕಥೆಯಲ್ಲ. ಅಮೆರಿಕದ ವಿಜ್ಞಾನಿ ಕೇ ಹೋಲ್‌ಕ್ಯಾಂಪ್ ಅವರ ತಂಡ 1988ರಿಂದ ಮಾರಾದಲ್ಲಿ ಇದೇ ಪ್ರಾಣಿಯನ್ನು, ಒಂದೊಂದನ್ನೂ ಚುಕ್ಕೆಯಿಂದ ಗುರುತು ಹಿಡಿದು, ತಾಯಿ ಮಗಳು ಮೊಮ್ಮಗಳು ಅಂತ ತಲೆಮಾರುಗಳ ಲೆಕ್ಕ ಇಟ್ಟು ಅಧ್ಯಯನ ಮಾಡುತ್ತಾ ಬಂದಿದೆ. ಸತ್ತದ್ದನ್ನು ತಿನ್ನುವ ಹೇಡಿ ಅಂತ ನಾವೆಲ್ಲ ಅಂದುಕೊಂಡಿರುವುದು ತಪ್ಪು. ತಿನ್ನುವುದರಲ್ಲಿ ಹೆಚ್ಚು ಪಾಲನ್ನು ಇವು ತಾವೇ ಬೇಟೆಯಾಡುತ್ತವೆ. ಎಷ್ಟೋ ಸಲ ಅದನ್ನು ಕಿತ್ತುಕೊಳ್ಳುವುದು ಸಿಂಹ. ನಾವು ಬೆಳಿಗ್ಗೆ ಹೋಗಿ ಸಿಂಹ ತಿನ್ನುತ್ತಿರುವುದನ್ನೂ ಕತ್ತೆಕಿರುಬ ಸುತ್ತ ಕಾಯುತ್ತಿರುವುದನ್ನೂ ನೋಡಿ, ರಾತ್ರಿ ಕೊಂದವರು ಯಾರು ಅಂತ ಕೇಳದೆ ತೀರ್ಪು ಕೊಟ್ಟುಬಿಡುತ್ತೇವೆ.

ಈಗ ಮಾರಾದ ಇನ್ನೊಂದು ಮುಖ. ಜುಲೈಯಿಂದ ಅಕ್ಟೋಬರ್‌ವರೆಗೆ ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ವೈಲ್ಡ್‌ಬೀಸ್ಟ್ ಅನ್ನುವ ದೊಡ್ಡ ಹುಲ್ಲೆಗಳ ಹಿಂಡು ಹುಲ್ಲು ಹುಡುಕಿಕೊಂಡು ಉತ್ತರಕ್ಕೆ ಬರುತ್ತದೆ. ಹತ್ತು ಲಕ್ಷಕ್ಕೂ ಜಾಸ್ತಿ, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ. ಇವು ಮಾರಾ ನದಿ ದಾಟುವುದನ್ನು ನೋಡಲು ಜಗತ್ತೇ ಬರುತ್ತದೆ. ನೋಡುವಂಥದ್ದೇ, ಅದರಲ್ಲಿ ಎರಡು ಮಾತಿಲ್ಲ. ಮೊದಲ ಪ್ರಾಣಿ ನೀರಿಗೆ ಬಿದ್ದ ಕ್ಷಣದಿಂದ ಆ ಧೂಳು, ಆ ಕೂಗು, ದಡದ ಕೆಸರಲ್ಲಿ ಜಾರುವ ಕಾಲುಗಳು, ಮೊಸಳೆ. ವರ್ಷಕ್ಕೆ ಸರಾಸರಿ 6,000ಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ಈ ನದಿಯಲ್ಲಿ ಮುಳುಗಿ ಸಾಯುತ್ತವೆ ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆ ಹೆಣಗಳಿಂದಲೇ ರಣಹದ್ದು, ಮರಾಬು ಕೊಕ್ಕರೆ, ಮೀನು, ಕೊನೆಗೆ ಮೂಳೆಯ ಮೇಲೆ ಬೆಳೆಯುವ ಪಾಚಿಯವರೆಗೂ ಎಲ್ಲದಕ್ಕೂ ಊಟ.

ಆದರೆ ಅದೇ ದಡದಲ್ಲಿ ಹತ್ತಾರು ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಹಿಂಡು ಇಳಿಯಲು ನೋಡುವ ಜಾಗಕ್ಕೇ ಕೆಲವರು ಗಾಡಿ ನುಗ್ಗಿಸುತ್ತಾರೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಇಲ್ಲವೇ ಕಡಿದಾದ ಕಡೆಯಿಂದ ಹಾರಿ ಕಾಲು ಮುರಿದುಕೊಳ್ಳುತ್ತದೆ. ಸಿಂಹ, ಚಿರತೆ, ಚೀತಾ ಸುತ್ತ ಒಂದು ಹೊತ್ತಿಗೆ ಐದು ಗಾಡಿಗಿಂತ ಹೆಚ್ಚು ನಿಲ್ಲಬಾರದು ಅಂತ ನಿಯಮ ಇದೆ. ಇಪ್ಪತ್ತೈದು ಮೀಟರ್ ದೂರ ಇರಬೇಕು ಅಂತಲೂ ಇದೆ. ಜನಜಂಗುಳಿಯ ತಿಂಗಳಲ್ಲಿ ಇದನ್ನು ಮುರಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಡ್ರೈವರನ್ನು ಬೈಯುವುದು ಸುಲಭ. ಆದರೆ ಹಿಂದೆ ಕೂತವರು "ಇನ್ನೂ ಹತ್ತಿರ ಹೋಗಿ, ಇನ್ನೂ ಸ್ವಲ್ಪ" ಅಂತ ಹೇಳುತ್ತಿರುತ್ತಾರೆ, ಅವರ ಟಿಪ್ಸಿನ ಮೇಲೆ ಆತನ ಮಕ್ಕಳ ಫೀಸು ನಿಂತಿರುತ್ತದೆ. ಒತ್ತಡ ಶುರುವಾಗುವುದು ನಮ್ಮ ಸೀಟಿನಿಂದ.

ಇದರ ಪೆಟ್ಟು ಜೋರಾಗಿ ಬೀಳುವುದು ಚೀತಾಗಳಿಗೆ. ಸಿಂಹ, ಕತ್ತೆಕಿರುಬಗಳ ಕಣ್ಣು ತಪ್ಪಿಸಲು ಚೀತಾ ಹೆಚ್ಚಾಗಿ ಹಗಲಲ್ಲಿ ಬೇಟೆಯಾಡುತ್ತದೆ, ನಾವು ಸುತ್ತುವುದೂ ಹಗಲಲ್ಲೇ. 2018ರಲ್ಲಿ ಪ್ರಕಟವಾದ ಮಾರಾದ ಒಂದು ಅಧ್ಯಯನದ ಪ್ರಕಾರ ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ತಾಯಿ ಚೀತಾ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡಿದರೆ, ಪ್ರವಾಸಿಗರು ತುಂಬಿದ ಕಡೆ ಅದು 0.2. ಈ ಅಂಕಿ ಓದಿದ ಮೇಲೆ ಚೀತಾ ಹತ್ತಿರ ಗಾಡಿ ಓಡಿಸಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಭಾರತದಲ್ಲಿ ಚೀತಾ ಅಳಿದುಹೋಗಿದೆ ಅಂತ ಘೋಷಿಸಿದ್ದು 1952ರಲ್ಲಿ. 2022ರಲ್ಲಿ ನಮೀಬಿಯಾದಿಂದ ಎಂಟನ್ನು ಕೂನೋಗೆ ತಂದಾಗ ನಾವೆಲ್ಲ ಟಿವಿ ಮುಂದೆ ಕೂತು ಖುಷಿಪಟ್ಟೆವು. ಅಷ್ಟು ಆಸೆಪಟ್ಟು ತರಿಸಿಕೊಂಡ ಜೀವ ಇದು, ಇಲ್ಲಿ ಬಂದಾಗ ಅದಕ್ಕೆ ಸ್ವಲ್ಪ ಜಾಗ ಬಿಡೋಣ.

ನೈರೋಬಿ ಪಾರ್ಕಿನ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದರೆ ನನಗೆ ಜಾಸ್ತಿ ಚಿಂತೆ ಇರುವುದು ಅದರದ್ದೇ. ಮೂರು ಕಡೆ ಬೇಲಿ, ದಕ್ಷಿಣ ಮಾತ್ರ ತೆರೆದಿದೆ. ಹಿಂದೆ ಮಳೆ ಬಂದಾಗ ಹಿಂಡುಗಳು ದಕ್ಷಿಣದ ಬಯಲಿಗೆ ಹೋಗಿ, ಬೇಸಿಗೆಗೆ ಪಾರ್ಕಿಗೆ ಬರುತ್ತಿದ್ದವು. ಈಗ ಕಿಟೆಂಗೆಲಾ ಕಡೆ ಮನೆ, ಕಾರ್ಖಾನೆ, ಬೇಲಿ. ಆ ವೈಲ್ಡ್‌ಬೀಸ್ಟ್ ವಲಸೆ ಹೆಚ್ಚುಕಡಿಮೆ ನಿಂತೇ ಹೋಗಿದೆ. ಪಾರ್ಕಿನ ಮೇಲೆ ಕಂಬಗಳ ಮೇಲೆ ರೈಲು ಓಡುತ್ತದೆ. ದೇಶದ ಬಯಲು ಸೀಮೆಯನ್ನೆಲ್ಲ ಸೇರಿಸಿ ನೋಡಿದರೆ 1977ರಿಂದ 2016ರ ಹೊತ್ತಿಗೆ ಕೀನ್ಯಾದ ವನ್ಯಪ್ರಾಣಿಗಳು ಸರಾಸರಿ ಶೇಕಡ 68ರಷ್ಟು ಕಡಿಮೆಯಾಗಿವೆ.

ಬೇಲಿ ಹಾಕಿದವರನ್ನೂ ದೂರುವಂತಿಲ್ಲ. ರಾತ್ರಿ ಸಿಂಹ ಬಂದು ಹಸು ಕೊಂದರೆ ಆ ಮನೆಯ ಸ್ಥಿತಿ ಏನಾಗಬೇಕು? ಸಕಲೇಶಪುರ, ಕೊಡಗಿನ ಕಡೆ ಆನೆ ಜೊತೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ಪಾರ್ಕಿನ ಅಂಚಲ್ಲಿ ಬೆಳೆದ ರಿಚರ್ಡ್ ಟುರೆರೆ ಅನ್ನುವ ಮಸಾಯಿ ಹುಡುಗ ಹನ್ನೊಂದರ ವಯಸ್ಸಿಗೇ ಒಂದು ಉಪಾಯ ಮಾಡಿದ. ಹಳೇ ಕಾರಿನ ಬ್ಯಾಟರಿ, ಸೋಲಾರ್ ಫಲಕ, ಬೈಕಿನ ಇಂಡಿಕೇಟರ್ ಪೆಟ್ಟಿಗೆ, ಟಾರ್ಚಿನ ಬಲ್ಬು ಸೇರಿಸಿ ಕೊಟ್ಟಿಗೆಯ ಸುತ್ತ ಮಿನುಗುವ ದೀಪ ಹಾಕಿದ. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ ಅಂದುಕೊಂಡು ಸಿಂಹ ಹತ್ತಿರ ಬರಲಿಲ್ಲ. ಈಗ ಬೇರೆ ಕಡೆಯೂ ಇಂಥ ದೀಪ ಹಾಕುತ್ತಾರೆ. ದನವೂ ಉಳಿಯಿತು, ಸಿಂಹವೂ ಉಳಿಯಿತು.

ಮಾರಾದ ಸುತ್ತ ಇನ್ನೊಂದು ದಾರಿ ಹಿಡಿದಿದ್ದಾರೆ. ಮಸಾಯಿ ಕುಟುಂಬಗಳು ತಮ್ಮ ತಮ್ಮ ಜಮೀನು ಒಟ್ಟು ಸೇರಿಸಿ, ಬೇಲಿ ಹಾಕದೆ, ಸಫಾರಿ ಕ್ಯಾಂಪುಗಳಿಗೆ ಗುತ್ತಿಗೆ ಕೊಡುತ್ತಾರೆ. ಬಾಡಿಗೆ ಅವರ ಕೈಗೇ ಬರುತ್ತದೆ. ಸರದಿ ಪ್ರಕಾರ ದನ ಮೇಯಿಸುವುದೂ ನಡೆಯುತ್ತದೆ. ಕನ್ಸರ್ವೆನ್ಸಿ ಅಂತ ಕರೆಯುತ್ತಾರೆ. ಮಾರಾ ನಾರ್ತ್, ನಬೋಯಿಶೋ, ಒಲಾರೆ ಮೊಟೊರೊಗಿ ಇವೆಲ್ಲ ಹೀಗೇ ಆದದ್ದು. ಗಾಡಿಗಳ ಸಂಖ್ಯೆಗೆ ಮಿತಿ ಇದೆ, ಹಾಗಾಗಿ ಪ್ರಾಣಿಗೂ ನೆಮ್ಮದಿ, ನಮಗೂ ನೆಮ್ಮದಿ. ಖರ್ಚು ಹೆಚ್ಚು, ನಿಜ. ಕೈಲಾದವರು ಒಂದು ರಾತ್ರಿಯಾದರೂ ಇಲ್ಲಿ ಉಳಿಯಿರಿ.

ನೈರೋಬಿಯಿಂದ ಕರಾವಳಿಯ ಮೊಂಬಾಸಾಗೆ ಹೋಗುವ ರೈಲು ಸಾವೋ ಅನ್ನುವ ಕಾಡಿನ ಸೀಮೆಯ ಮೂಲಕ ಹಾದುಹೋಗುತ್ತದೆ. ಕೆಂಪು ಮಣ್ಣಲ್ಲಿ ಹೊರಳಿ ಕೆಂಪಗಾದ ಆನೆಗಳು ಕಿಟಕಿಯಿಂದಲೇ ಕಾಣಬಹುದು. ಇದೇ ಸಾವೋದಲ್ಲಿ 1898ರಲ್ಲಿ ಎರಡು ಸಿಂಹಗಳು ಹಳೆಯ ರೈಲುದಾರಿಯ ಸೇತುವೆ ಕಟ್ಟುತ್ತಿದ್ದ ಕೂಲಿಗಳನ್ನು ಹೊತ್ತೊಯ್ದವು. ಅವರಲ್ಲಿ ಬಹಳ ಜನ ಭಾರತದಿಂದ ಬಂದವರು. ಆ ದಾರಿ ಕಟ್ಟಲು 30,000ಕ್ಕೂ ಹೆಚ್ಚು ಭಾರತೀಯರನ್ನು ತಂದಿದ್ದರು, ಸುಮಾರು 2,500 ಜನ ವಾಪಸ್ ಹೋಗಲೇ ಇಲ್ಲ, ಇಲ್ಲೇ ಸತ್ತರು. ರೈಲಲ್ಲಿ ಹೋಗುವಾಗ ಅವರನ್ನೂ ನೆನೆಯಿರಿ.

ಬರುವವರಿಗೆ ಕೆಲವು ಮಾತು. ಹಳದಿ ಜ್ವರದ ಲಸಿಕೆ ಹೊರಡುವ ಹತ್ತು ದಿನ ಮೊದಲೇ ಹಾಕಿಸಿ, ಅದೂ ಸರ್ಕಾರ ಒಪ್ಪಿದ ಕೇಂದ್ರದಲ್ಲಿ. ಆ ಕಾರ್ಡಿಲ್ಲದೆ ಕೀನ್ಯಾದಿಂದ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲಿ ತಡೆದು ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಪ್ಲಾಸ್ಟಿಕ್ ಕೈಚೀಲ ತರಬೇಡಿ, 2017ರಿಂದ ನಿಷೇಧ. ಪಾರ್ಕುಗಳ ಒಳಗೆ 2020ರಿಂದ ಪ್ಲಾಸ್ಟಿಕ್ ನೀರಿನ ಬಾಟಲಿಯೂ ಇಲ್ಲ, ಸ್ಟೀಲಿನದು ತನ್ನಿ. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ಬರಬೇಡಿ. ಮಾರಾ ಇರುವುದು 1,500 ಮೀಟರಿಗಿಂತ ಎತ್ತರದಲ್ಲಿ, ಬೆಳಗಿನ ಜಾವ ತೆರೆದ ಗಾಡಿಯಲ್ಲಿ ಮೈ ನಡುಗುತ್ತದೆ, ಸ್ವೆಟರ್ ಬೇಕೇ ಬೇಕು. ಊಟದ ಚಿಂತೆ ಬಿಡಿ, ಸಸ್ಯಾಹಾರ ಅಂದರೆ ಏನು ಅಂತ ಇಲ್ಲಿಯವರಿಗೆ ಗೊತ್ತು, ಗುಜರಾತಿಗಳು ತಲೆಮಾರುಗಳಿಂದ ಇಲ್ಲಿದ್ದಾರೆ. ದೊಡ್ಡ ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ, ಆಳಿಗೊಂದು ದುರ್ಬೀನು ತನ್ನಿ, ಒಂದನ್ನೇ ಕೈಯಿಂದ ಕೈಗೆ ದಾಟಿಸುತ್ತಾ ಕೂತರೆ ಯಾರಿಗೂ ಏನೂ ಕಾಣುವುದಿಲ್ಲ. ಗಾಡಿ ಹತ್ತಿದ ತಕ್ಷಣ ಗೈಡಿಗೆ ಒಂದು ಮಾತು ಹೇಳಿಬಿಡಿ: ನಮಗೆ ಅವಸರ ಇಲ್ಲ, ದೂರದಿಂದ ನೋಡಿದರೂ ಸಾಕು, ನಿಮಗೆ ಇಷ್ಟವಾದದ್ದು ತೋರಿಸಿ.